ಬೆರಳೂರಿನ ಬಯಲು

ವನಮಾಲಾ ಕೈಗೂಸಾಗಿದ್ದಾಗ ಜ್ವರ ಬಂದು ಕಿವಿ ಹೋಯಿತು. ಮೂವತ್ತು ದಾಟಿದ ಮೇಲೆ, ತಾನು ಕೆಲಸಕ್ಕಿದ್ದ ಬೈಂಡಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಕಿವಿ ಹೋದದ್ದು ಅವಳಿಗೆ ನೆನಪಿರಲಿಲ್ಲ, ಅದು ನಷ್ಟವೆಂದು ಅವಳಿಗೆ ಎಂದೂ ಅನ್ನಿಸಿರಲೂ ಇಲ್ಲ. ಭದ್ರಾವತಿಯ ಬೀದಿಯಲ್ಲಿ ಜನ ಅವಳನ್ನು ಮೂಕಿ ಎನ್ನುತ್ತಿದ್ದರು. ಆ ಮಾತು ನಿಜವಾದದ್ದು ಕೈ ಹೋದ ಮೇಲೆಯೇ.

ಅವಳ ಗಂಡ ಹಾಲೇಶನೂ ಕಿವುಡ. ಹಳೇನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ. ಇಬ್ಬರ ಮನೆಮಾತೂ ಸನ್ನೆ. ಆ ಭಾಷೆಯಲ್ಲಿ ಒಂದು ಸ್ವರಾಕ್ಷರ ಹೇಳಬೇಕಾದರೂ ಎರಡು ಕೈ ಬೇಕು. ಎಡಗೈಯ ಬೆರಳ ತುದಿಯನ್ನು ಬಲಗೈಯ ತೋರುಬೆರಳಿನಿಂದ ಮುಟ್ಟಬೇಕು. ಉಪ್ಪು ಬೇಕು, ಬಾಗಿಲು ಹಾಕು, ಹೊಟ್ಟೆ ನೋವು ಎನ್ನುವಷ್ಟನ್ನು ಒಂದೇ ಕೈಯಲ್ಲಿ ಹೇಳಬಹುದಿತ್ತು, ಹಾಲೇಶನಿಗೆ ಅರ್ಥವೂ ಆಗುತ್ತಿತ್ತು. ಆದರೆ ವನಮಾಲಾ ಅಷ್ಟಕ್ಕೆ ನಿಲ್ಲುವ ಹೆಂಗಸಾಗಿರಲಿಲ್ಲ. ಕಿವುಡರ ಸಂಘದಲ್ಲಿ ಭಾನುವಾರ ಸೇರುವವರೆಲ್ಲ ಅವಳ ಕಥೆಗಾಗಿ ಕಾಯುತ್ತಿದ್ದರು. ಅವಳು ಪಕ್ಕದ ಮನೆಯ ಜಗಳವನ್ನು ಹೇಳಿದರೆ ಜಗಳವಾಡಿದ ಇಬ್ಬರೂ, ನಡುವೆ ಓಡಿದ ನಾಯಿಯೂ ಕಣ್ಣೆದುರು ನಿಲ್ಲುತ್ತಿದ್ದರು. ಕೈ ಹೋದ ಮೇಲೆ ಅವಳು ಸಂಘಕ್ಕೆ ಹೋಗುವುದನ್ನೇ ಬಿಟ್ಟಳು.

ದಾನಿಗಳ ಶಿಬಿರವೊಂದರಲ್ಲಿ ಅವಳಿಗೆ ಯಂತ್ರದ ಕೈ ಸಿಕ್ಕಿತು. ಮೈಸೂರಿನ ಅಂಗುಲಿ ಎಂಬ ಕಂಪನಿ ಮಾಡಿದ್ದು. ಐದು ಬೆರಳಿಗೂ ಬೇರೆ ಬೇರೆ ಮೋಟಾರುಗಳಿದ್ದವು. ಬೆರಳನ್ನು ಎಳೆಯುವ ಸ್ನಾಯುಗಳಲ್ಲಿ ಹೆಚ್ಚಿನವು ಇರುವುದು ಬೆರಳಿನಲ್ಲಲ್ಲ, ಮೊಣಕೈಗೂ ಮಣಿಕಟ್ಟಿಗೂ ನಡುವಿನ ಮುಂಗೈಯಲ್ಲಿ. ಅದರಿಂದಾಗಿ ಬೆರಳು ಹೋದರೂ, ‘ತೋರುಬೆರಳು ಎತ್ತು’ ಎಂದು ಮಿದುಳು ಕಳಿಸುವ ಅಪ್ಪಣೆ ಅಲ್ಲಿಯವರೆಗೆ ಬರುತ್ತಲೇ ಇರುತ್ತದೆ. ಮುಂಗೈಗೆ ಸುತ್ತಿದ ಪಟ್ಟಿಯೊಂದು ಆ ಸಣ್ಣ ವಿದ್ಯುತ್ತನ್ನು ಓದಿ ಮೋಟಾರಿಗೆ ಹೇಳುತ್ತಿತ್ತು. ಆದರೆ ಒಬ್ಬೊಬ್ಬರ ಸ್ನಾಯುವಿನ ನಡೆ ಒಂದೊಂದು ಥರ. ಯಾವ ಅಲೆ ಬಂದರೆ ಯಾವ ಬೆರಳು ಏಳಬೇಕೆಂದು ಕೈಗೆ ಕಲಿಸಬೇಕು. ಕಲಿಸುವುದಕ್ಕೆಂದೇ ಒಂದು ವಿಡಿಯೋ ಗೇಮ್ ಇತ್ತು. ಅದರ ಹೆಸರು ಬೆರಳೂರು.

ಟಿವಿಯ ಪರದೆಯ ಮೇಲೆ ಒಂದು ಪುಟ್ಟ ಊರು, ಅದರಲ್ಲಿ ಓಡಾಡುವ ಒಂದು ಕೈ. ಮೊದಲ ಕೇರಿಯಲ್ಲಿ ಚೊಂಬು ಎತ್ತಬೇಕು, ಚಿಲಕ ತೆಗೆಯಬೇಕು, ಬಾವಿಯಿಂದ ಕೊಡ ಸೇದಬೇಕು. ಸರಿಯಾಗಿ ಮಾಡಿದ ಹಾಗೆಲ್ಲ ಆ ಚಲನೆ ಯಂತ್ರದ ಕೈಯಲ್ಲಿ ಕೂತುಕೊಳ್ಳುತ್ತಿತ್ತು. ಮೊದಲ ಕೇರಿ ಕೈಯ ಜೊತೆಗೇ ಬರುತ್ತಿತ್ತು. ಉಳಿದವನ್ನು ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳಬೇಕು. ತರಕಾರಿ ಹೆಚ್ಚುವುದಕ್ಕೆ ಅಡುಗೆ ಕೇರಿ, ಸೂಜಿ ಹಿಡಿಯುವುದಕ್ಕೆ ದರ್ಜಿ ಕೇರಿ, ತಂತಿ ಮೀಟುವುದಕ್ಕೆ ವಾದ್ಯ ಕೇರಿ. ತಿಂಗಳ ಬಾಡಿಗೆ ಮುಗಿದರೆ ಆ ಚಲನೆಯೂ ನಿಲ್ಲುತ್ತಿತ್ತು. ಮೋಟಾರು ಮೊದಲ ದಿನದಿಂದ ಕೈಯಲ್ಲೇ ಇತ್ತು, ಬೀಗ ಮಾತ್ರ ಕಂಪನಿಯ ಹತ್ತಿರ.

ಹಾಲೇಶನ ತಂಗಿ ಗಿರಿಜಾಗೆ ಕಿವಿ ಕೇಳುತ್ತಿತ್ತು. ಅಣ್ಣನ ಜೊತೆ ಬೆಳೆದವಳಾದ್ದರಿಂದ ಸನ್ನೆ ನೀರು ಕುಡಿದಷ್ಟು ಸಲೀಸು. ಹಿಂದಿನ ಬೀದಿಯಲ್ಲೇ ಅವಳ ಮನೆ. ಸನ್ನೆಭಾಷೆಗೆ ಯಾವುದಾದರೂ ಕೇರಿ ಇದೆಯೇ ಎಂದು ಅವಳೇ ಕಂಪನಿಗೆ ಫೋನ್ ಮಾಡಿ ಕೇಳಿದಳು. ಅಂಥವರ ಸಂಖ್ಯೆ ತೀರ ಕಡಿಮೆ, ಸದ್ಯಕ್ಕೆ ಆ ಯೋಚನೆ ಇಲ್ಲ ಎಂಬ ಉತ್ತರ ಬಂತು.

ವನಮಾಲಾ ಸುಮ್ಮನೆ ಕೂರಲಿಲ್ಲ. ಬೆರಳೂರನ್ನು ಸುತ್ತುತ್ತ ಸುತ್ತುತ್ತ, ಬೀಗ ಹಾಕಿದ ಕೇರಿಗಳನ್ನೆಲ್ಲ ದಾಟಿ ಊರಾಚೆ ಹೋದರೆ ಅಲ್ಲೊಂದು ಬಯಲು ಇರುವುದನ್ನು ಕಂಡುಕೊಂಡಳು. ಗಿಡವಿಲ್ಲ, ಮನೆಯಿಲ್ಲ, ಅಂಕವಿಲ್ಲ. ಗೇಮ್ ಮಾಡಿದವರು ತಮ್ಮ ಪರೀಕ್ಷೆಗೆಂದು ಬಿಟ್ಟುಕೊಂಡ ಜಾಗ. ಅಲ್ಲಿ ಪರದೆಯ ಕೈಗೆ ಯಾವ ಕಟ್ಟಳೆಯೂ ಇರಲಿಲ್ಲ. ಸ್ನಾಯು ಏನು ಹೇಳುತ್ತದೋ ಅದನ್ನು ಮಾಡಿ ನೋಡುತ್ತಿತ್ತು. ಅಲ್ಲಿ ಕಲಿತದ್ದೂ ಯಂತ್ರದ ಕೈಗೆ ಇಳಿಯುತ್ತಿತ್ತು.

ಇಲ್ಲದ ಕೈ ಅವಳಿಗೆ ಇನ್ನೂ ಇತ್ತು. ಅದು ತುರಿಸುತ್ತಿತ್ತು, ಚಳಿಗೆ ಮರಗಟ್ಟುತ್ತಿತ್ತು. ಹಾಲೇಶ ಅಂಗಡಿಗೆ ಹೋದ ಮೇಲೆ ಟಿವಿಯ ಮುಂದೆ ಕೂತು ಆ ಇಲ್ಲದ ಕೈಯಿಂದಲೇ ಅವಳು ಸನ್ನೆ ಮಾಡತೊಡಗಿದಳು. ಮೊದಮೊದಲು ಪರದೆಯ ಕೈ ಮುಷ್ಟಿ ಬಿಗಿಯುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಅವಳು ಬಿಡಲಿಲ್ಲ. ವಾರಗಳ ಮೇಲೆ ಹೆಬ್ಬೆರಳು ಬೇರೆಯಾಯಿತು. ಆಮೇಲೆ ತೋರುಬೆರಳು. ಉಂಗುರಬೆರಳೂ ಕಿರುಬೆರಳೂ ಬಹಳ ದಿನ ಜೊತೆ ಬಿಡಲಿಲ್ಲ. ಮುಂಗೈ ಊದಿಕೊಂಡು ಪಟ್ಟಿ ಕಟ್ಟಲಾಗದ ದಿನಗಳಿದ್ದವು. ಅಂಥ ದಿನ ಕಣ್ಣು ಮುಚ್ಚಿ, ಯಂತ್ರವಿಲ್ಲದೆಯೇ ಅಭ್ಯಾಸ ಮಾಡಿದಳು. ಕಿವಿ ಕೇಳುವವರ ಬೆರಳು ಹಿಡಿಯುವುದಕ್ಕೆ, ಬಿಡುವುದಕ್ಕೆ ಪಳಗಿರುತ್ತದೆ. ಅವಳದು ಚಿಕ್ಕಂದಿನಿಂದ ಮಾತಿಗೆ ಪಳಗಿದ ಕೈ. ಸ್ನಾಯುಗಳು ಆ ಮಾತನ್ನು ಮರೆತಿರಲಿಲ್ಲ.

ಒಂದು ಬೆಳಿಗ್ಗೆ ಹಾಲೇಶ ಉಪ್ಪಿಟ್ಟು ಸೀಯಿಸಿಬಿಟ್ಟ. ವನಮಾಲಾ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎರಡು ಕೈಯಲ್ಲೂ ಅವನನ್ನು ಬೈದಳು. ಪಾತ್ರೆಯ ತಳದಿಂದ ಶುರುಮಾಡಿ ಅವನ ಅಜ್ಜಿಯವರೆಗೆ ಹೋದಳು. ಹಾಲೇಶ ಸೌಟು ಹಿಡಿದುಕೊಂಡು ನಿಂತೇ ಇದ್ದ. ಅವಳು ಮುಗಿಸುವ ಹೊತ್ತಿಗೆ ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಇನ್ನೂ ಬೈಯಿ ಎಂದು ಸನ್ನೆ ಮಾಡಿದ.

ಮೈಸೂರಿನ ಅಂಗುಲಿ ಕಂಪನಿಯ ಪ್ರಯೋಗಾಲಯದಲ್ಲಿ ಗೌತಮಿ ಎಂಬ ಎಂಜಿನಿಯರ್ ಇದ್ದಳು. ಕೈಗಳಿಂದ ಬರುವ ಅಲೆಗಳನ್ನು ಓದುವ ತಂಡ ಅವಳದು. ಯಾರೂ ಕಾಲಿಡದ ಬಯಲಿನಿಂದ ದಿನವೂ ಗಂಟೆಗಟ್ಟಲೆ ಅಲೆಗಳು ಬರುತ್ತಿರುವುದನ್ನು ಅವಳು ಗಮನಿಸಿದಳು. ಅಷ್ಟು ಸ್ವಚ್ಛವಾದ, ಒಂದಕ್ಕೊಂದು ತಾಗದ ಬೆರಳ ಚಲನೆಗಳನ್ನು ಅವಳು ಮೊದಲು ಕಂಡಿರಲಿಲ್ಲ. ನೂರಾರು ಆಕಾರಗಳಿದ್ದವು, ಒಂದೊಂದೂ ಖಚಿತ. ಅವಳು ಹಿಗ್ಗಿ, ಕಂಪನಿ ನಡೆಸುವ ಶ್ರೀವತ್ಸನನ್ನು ಕರೆದು ತೋರಿಸಿದಳು. ಇದು ಸನ್ನೆಭಾಷೆ ಇರಬೇಕು, ಈ ವ್ಯಕ್ತಿಯನ್ನು ಹುಡುಕಿ ಮಾತಾಡಿಸೋಣ ಎಂದಳು. ಶ್ರೀವತ್ಸ ಪರದೆಯನ್ನು ಬಹಳ ಹೊತ್ತು ನೋಡಿದ. ಮಾತಾಡಿಸುವ ಅಗತ್ಯವಿಲ್ಲ ಎಂದ. ಕೈ ಕಳಿಸುವ ಅಲೆಗಳೆಲ್ಲ ಕಂಪನಿಗೆ ಸೇರಿದ್ದು ಎಂದು ಪ್ರತಿಯೊಬ್ಬ ಬಳಕೆದಾರನೂ ಮೊದಲ ದಿನವೇ ಒಪ್ಪಿಕೊಂಡಿರುತ್ತಾನೆ. ಗೌತಮಿ ತನ್ನ ಕೆಲಸ ಮಾಡಿಕೊಟ್ಟಳು. ಆ ಆಕಾರಗಳಿಗೆ ಅರ್ಥ ಬರೆಯಲು ಕಂಪನಿ ಯಾರೋ ಒಬ್ಬ ಸಲಹೆಗಾರರನ್ನು ಕರೆಸಿತು.

ಮಳೆಗಾಲ ಕಳೆಯುವಷ್ಟರಲ್ಲಿ ಗೇಮಿನ ಹೊಸ ಆವೃತ್ತಿ ಬಂತು. ವನಮಾಲಾ ಅಂದು ಹಾಲೇಶನಿಗೆ ಅಂಗಡಿಯನ್ನು ಬಾಡಿಗೆಗೆ ಕೊಟ್ಟ ಮಾಲೀಕನ ವಿಷಯ ಹೇಳುತ್ತಿದ್ದಳು. ವಾಕ್ಯದ ನಡುವೆ ಬಲಗೈಯ ಬೆರಳೆಲ್ಲ ಒಟ್ಟಿಗೆ ಮಡಿಚಿಕೊಂಡವು. ಬಿಡಿಸಲು ನೋಡಿದಳು. ಚೊಂಬು ಎತ್ತುವ ಹಾಗೆ ತೆರೆದುಕೊಂಡು ಮತ್ತೆ ಮುಚ್ಚಿಕೊಂಡಿತು. ಕೈ ಕೆಟ್ಟಿದೆ ಎಂದೇ ಇಬ್ಬರೂ ಅಂದುಕೊಂಡರು. ಟಿವಿ ಹಾಕಿ ಬೆರಳೂರಿಗೆ ಹೋದರೆ, ಬಯಲಿನ ಸುತ್ತ ಗೋಡೆ ಎದ್ದಿತ್ತು. ಗೋಡೆಗೊಂದು ಬಣ್ಣದ ಬಾಗಿಲು, ಅದರ ಮೇಲೆ ‘ಮುದ್ರಾ ಕೇರಿ, ಹೊಸತು’ ಎಂಬ ಹಲಗೆ, ಕೆಳಗೆ ತಿಂಗಳ ಬೆಲೆ.

ಹಾಲೇಶ ಆ ಬೆಲೆಯನ್ನು ತನ್ನ ದುಡಿಮೆಗೆ ಹಾಕಿ ನೋಡಿದ. ಕಷ್ಟ, ಆದರೆ ಆಗದೇನೂ ಇಲ್ಲ. ವನಮಾಲಾ ಬೇಡ ಎಂದು ತಲೆಯಾಡಿಸಿದಳು. ಹಾಲೇಶ ಅವಳಿಗೆ ಹೇಳದೆಯೇ ಗಿರಿಜಾಳ ಫೋನಿನಿಂದ ಒಂದು ತಿಂಗಳಿಗೆ ಕಟ್ಟಿದ.

ಕೈ ತೆರೆದುಕೊಂಡಿತು. ಬಣ್ಣದ ಬಾಗಿಲೂ ತೆರೆದುಕೊಂಡಿತು. ಒಳಗೆ ಕಲಿಸುವ ಕೈಯೊಂದು ಪರದೆಯ ಮೇಲೆ ಸನ್ನೆ ಮಾಡುತ್ತಿತ್ತು, ಕೆಳಗೆ ಅರ್ಥ ಬರುತ್ತಿತ್ತು. ಗಿರಿಜಾ ಪಕ್ಕದಲ್ಲಿ ಕೂತಿದ್ದಳು. ವನಮಾಲಾ ಸ್ವಲ್ಪ ಹೊತ್ತು ನೋಡಿ, ಅದನ್ನು ನಿಲ್ಲಿಸಿ, ಮತ್ತೆ ಹಾಕಿ ನೋಡಿದಳು. ಚಿಕ್ಕವಳಿದ್ದಾಗ ಬಾವಿಯ ರಾಟೆಗೆ ಸಿಕ್ಕಿ ಅವಳ ಬಲಗೈಯ ಕಿರುಬೆರಳು ಮುರಿದಿತ್ತು. ಅಂದಿನಿಂದ ‘ನೀರು’ ಎನ್ನುವಾಗ ಕೊನೆಯಲ್ಲಿ ಆ ಬೆರಳು ಒಂದಿಷ್ಟು ಮೇಲೇಳುತ್ತಿತ್ತು, ಯಂತ್ರದ ಕೈಗೂ ಅದೇ ಅಭ್ಯಾಸ ಬಂದಿತ್ತು. ಪರದೆಯ ಕೈಯ ಕಿರುಬೆರಳೂ ಹಾಗೆಯೇ ಎದ್ದಿತು.

ಆಮೇಲೆ ಬಂದ ಸನ್ನೆ ನೋಡಿ ಗಿರಿಜಾ ನಕ್ಕುಬಿಟ್ಟಳು. ಮುಷ್ಟಿ ಎದೆಯ ಮೇಲೆ ನಡುಗುವ ಸನ್ನೆ. ಭದ್ರಾವತಿಯ ಕಿವುಡರಿಗೆ ಅದು ‘ಕಾರ್ಖಾನೆ’. ಹಿಂದೆ ಕಾರ್ಖಾನೆಯ ಸೈರನ್ ಕೂಗಿದಾಗ ಅವರಿಗೆ ಕಿವಿಯಲ್ಲಿ ಕೇಳದೆ ಎದೆಯಲ್ಲಿ ನಡುಗುತ್ತಿತ್ತಂತೆ. ಈ ಊರಿನ ಹೊರಗೆ ಯಾರೂ ಅದನ್ನು ಬಳಸುವುದಿಲ್ಲ. ಪರದೆಯ ಕೆಳಗೆ ಅದರ ಅರ್ಥ ‘ಹೆದರಿಕೆ’ ಎಂದು ಬರೆದಿದ್ದರು.

ಗಿರಿಜಾಳ ನಗು ಅರ್ಧಕ್ಕೇ ನಿಂತಿತು. ವನಮಾಲಾ ಎದ್ದು ಟಿವಿ ಆರಿಸಿದಳು.

“ಇದು ನನ್ನ ಮಾತು,” ಎಂದು ಸನ್ನೆ ಮಾಡಿದಳು. “ಕದ್ದಿದ್ದೂ ಅಲ್ಲದೆ ತಪ್ಪು ಹೇಳಿಕೊಡ್ತಿದಾರೆ. ಇದಕ್ಕೆ ನಾನು ಬಾಡಿಗೆ ಕಟ್ಟಲ್ಲ.”

ತಿಂಗಳು ಮುಗಿದಾಗ ಅವಳು ಮತ್ತೆ ಕಟ್ಟಗೊಡಲಿಲ್ಲ. ಕೈ ಮತ್ತೆ ಮುಷ್ಟಿಯಾಯಿತು. ಹಾಲೇಶನಿಗೆ ಸಿಟ್ಟು ಬಂತು. ಹೆಂಡತಿಯ ಜೊತೆ ಮಾತಾಡಲು ತನಗೆ ಎರಡನೆಯ ಸಲ ಅವಕಾಶ ಸಿಕ್ಕಿತ್ತು, ಅದನ್ನೂ ಅವಳು ಹಟಕ್ಕೆ ಕಳೆದಳು ಎಂದು ಅವನ ದೂರು. ಅವನು ಎರಡು ಕೈಯಲ್ಲಿ ಬೈದ, ಅವಳಿಗೆ ಒಂದೇ ಕೈಯಲ್ಲಿ ಉತ್ತರ ಕೊಡಬೇಕಾಯಿತು. ಕೊನೆಗೆ ಅವಳು ಸ್ಲೇಟು ತಂದು ಬರೆದಳು. ಗೇಮಿಗೆ ದುಡ್ಡು ಕೊಡುವುದು ತಪ್ಪಲ್ಲ, ಅವರು ಕಟ್ಟಿದ ಕೇರಿಗೆ ಅವರು ಬೆಲೆ ಕೇಳಲಿ, ನಾನು ಕಟ್ಟಿದ್ದಕ್ಕೆ ನನ್ನ ಹತ್ತಿರವೇ ಯಾಕೆ? ಹಾಲೇಶ ಓದಿ, ಸ್ಲೇಟನ್ನು ಅಲ್ಲೇ ಇಟ್ಟು ಅಂಗಡಿಗೆ ಹೋದ.

ಗಿರಿಜಾ ಶಿವಮೊಗ್ಗದ ಗ್ರಾಹಕರ ನ್ಯಾಯಾಲಯದಲ್ಲಿ ಅತ್ತಿಗೆಯ ಪರವಾಗಿ ದೂರು ಕೊಟ್ಟಳು. ಅದರ ಪ್ರತಿ ಮೈಸೂರಿಗೆ ಹೋಗಿ, ಉತ್ತರ ತಯಾರಿಸಲೆಂದು ಗೌತಮಿಯ ಮೇಜಿಗೆ ಬಂತು. ಕಿರುಬೆರಳಿನ ವಿಷಯ ಓದಿ ಅವಳು ಬಯಲಿನಿಂದ ಬಂದಿದ್ದ ಹಳೆಯ ಅಲೆಗಳನ್ನು ತೆಗೆದು, ಮುದ್ರಾ ಕೇರಿಯ ಕೈಯ ಪಕ್ಕದಲ್ಲಿಟ್ಟು ನೋಡಿದಳು. ಎರಡೂ ಒಂದೇ. ಅದು ಅವಳಿಗೆ ಹೊಸ ಸುದ್ದಿಯಲ್ಲ, ಅದನ್ನು ಕೂರಿಸಿದವಳು ಅವಳೇ. ಆದರೆ ಅಲ್ಲಿಯವರೆಗೆ ಅವಳಿಗೆ ಅದು ಅಲೆಯಾಗಿತ್ತು. ಒಬ್ಬ ಹೆಂಗಸು ಮನೆಯಲ್ಲಿ ಮಾತಾಡುತ್ತ ಮಾತಾಡುತ್ತ ನಿಂತುಹೋದದ್ದು ಅವಳ ಪರದೆಯಲ್ಲಿ ಎಲ್ಲೂ ಕಂಡಿರಲಿಲ್ಲ.

ರಜೆ ಹಾಕಿ ಭದ್ರಾವತಿಗೆ ಬಂದಳು. ವನಮಾಲಾ ಅವಳಿಗೆ ಕಾಫಿ ಕೊಟ್ಟಳು, ಮುಖ ಮಾತ್ರ ಸಡಿಲ ಬಿಡಲಿಲ್ಲ. ಕಂಪನಿಯವರು ರಾಜಿಗೆ ತಯಾರಿದ್ದಾರೆ, ನಿಮಗೆ ಬದುಕಿರುವವರೆಗೆ ಮುದ್ರಾ ಕೇರಿ ಬಿಟ್ಟಿ ಕೊಡುತ್ತಾರೆ ಎಂದು ಗೌತಮಿ ತಿಳಿಸಿದಳು. ಗಿರಿಜಾ ಅದನ್ನು ಸನ್ನೆಯಲ್ಲಿ ಹೇಳುತ್ತಿದ್ದ ಹಾಗೆ ಹಾಲೇಶ ಕುರ್ಚಿಯಿಂದ ಎದ್ದೇಬಿಟ್ಟ. ಒಪ್ಪಿಕೋ, ಒಪ್ಪಿಕೋ ಎಂದು ಅವನ ಕೈ ಹೇಳುತ್ತಿತ್ತು.

ವನಮಾಲಾ ಸ್ಲೇಟಿನಲ್ಲಿ ಒಂದು ಪ್ರಶ್ನೆ ಬರೆದು ಗೌತಮಿಗೆ ತೋರಿಸಿದಳು. ಆ ಬಯಲಿನಲ್ಲಿ ತನ್ನೊಬ್ಬಳನ್ನು ಬಿಟ್ಟು ಬೇರೆ ಯಾರಾದರೂ ಇದ್ದರೇ?

ಗೌತಮಿ ಲೋಟ ಕೆಳಗಿಟ್ಟಳು. “ಇದ್ರು ಮೇಡಂ,” ಎಂದಳು. “ನಿಮ್ಮಷ್ಟು ಅಲ್ಲ. ಆದ್ರೆ ಆಮೇಲಾಮೇಲೆ ಬೇರೆಯವರೂ ಬರ್ತಿದ್ರು. ಒಬ್ಬರು ಬೀಡಿ ಸುತ್ತೋದು ಕಲೀತಿದ್ರು ಅಂತ ಕಾಣುತ್ತೆ. ಇನ್ನೊಬ್ಬರು ಏನೋ ಗಂಟು ಹಾಕ್ತಿದ್ರು. ಗೋಡೆ ಹಾಕಿದ ಮೇಲೆ ಅವರದ್ದೆಲ್ಲ ನಿಂತುಹೋಯ್ತು.”

ವನಮಾಲಾ ಹಾಲೇಶನ ಕಡೆ ತಿರುಗಿದಳು. ಎಡಗೈಯಲ್ಲಿ ನಿಧಾನವಾಗಿ, ಸಾಲದ ಕಡೆ ಸ್ಲೇಟಿನಲ್ಲಿ ಬರೆಯುತ್ತ, ಅವನಿಗೆ ಒಂದೂ ತಪ್ಪದ ಹಾಗೆ ಹೇಳಿದಳು. “ನಂಗೆ ಮಾತ್ರ ಬಾಗಿಲು ತೆಗೆದ್ರೆ, ಉಳಿದವರ ಎದುರು ಬಾಗಿಲು ಹಾಕಿದವಳು ನಾನೇ ಆಗ್ತೀನಿ.”

ಹಾಲೇಶ ಕೂತ. ಆಮೇಲೆ ಗಿರಿಜಾಳ ತೋಳು ಮುಟ್ಟಿ, ವಿಚಾರಣೆಯ ದಿನ ಅಂಗಡಿ ಮುಚ್ಚುತ್ತೇನೆ, ನಾನೂ ಬರುತ್ತೇನೆ ಎಂದ.

ಗೌತಮಿ ಅಂದು ಹೊರಟವಳು ಮುಂದಿನ ವಾರ ಮತ್ತೆ ಬಂದಳು, ಅದರ ಮುಂದಿನ ವಾರವೂ ಬಂದಳು. ಅಲೆಗಳನ್ನು ಓದಿ ನೇರವಾಗಿ ಅಕ್ಷರದಲ್ಲಿ ತೋರಿಸುವ ಒಂದು ಸಣ್ಣ ಸಾಧನವನ್ನು ಅವಳು ಸ್ವಂತವಾಗಿ ಕಟ್ಟುತ್ತಿದ್ದಳು. ವನಮಾಲಾ, ಗಿರಿಜಾ ಇಬ್ಬರೂ ಕೂತು ಒಂದೊಂದು ಸನ್ನೆಗೂ ಸರಿಯಾದ ಅರ್ಥ ಹೇಳಿದರು. ‘ಹೆದರಿಕೆ’ ಹೋಗಿ ‘ಕಾರ್ಖಾನೆ’ ಬಂತು. ಈ ಕೆಲಸ ತಿಳಿದರೆ ಕಂಪನಿ ಅವಳನ್ನು ತೆಗೆಯುತ್ತದೆ ಎಂದು ಗಿರಿಜಾ ಎಚ್ಚರಿಸಿದಳು. ಅದು ಗೊತ್ತಿದೆ ಎಂದಳು ಗೌತಮಿ.

ವಿಚಾರಣೆಯ ದಿನ ಕಂಪನಿಯ ವಕೀಲರು ಸಮಾಧಾನವಾಗಿಯೇ ವಾದಿಸಿದರು. ಕೈ ಒಂದು ಯಂತ್ರ. ಅದಕ್ಕೆ ಸೇರಿಸುವ ಸೌಲಭ್ಯಗಳು ಗೇಮಿನ ಭಾಗಗಳು, ಬೇಕಾದವರು ಕೊಳ್ಳಬಹುದು, ಬೇಡವಾದವರು ಬಿಡಬಹುದು. ದೂರುದಾರರಿಂದ ಕಂಪನಿ ಏನನ್ನೂ ಕಿತ್ತುಕೊಂಡಿಲ್ಲ, ಒಂದು ಸೇವೆ ನಿಂತಿದೆ ಅಷ್ಟೆ. ಅಧ್ಯಕ್ಷೆಯಾಗಿದ್ದ ನ್ಯಾಯಾಧೀಶರು ವಯಸ್ಸಾದ ಹೆಂಗಸು, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಅವರು ವನಮಾಲಾಳನ್ನು ಏನು ಹೇಳುತ್ತೀರಿ ಎಂದು ಕೇಳಿದರು.

ವನಮಾಲಾ ಮುಂದೆ ಬಂದು ಸನ್ನೆ ಮಾಡತೊಡಗಿದಳು. ಗಿರಿಜಾ ಪಕ್ಕದಲ್ಲಿ ನಿಂತಿದ್ದಳು, ಆದರೆ ಬಾಯಿ ತೆರೆಯಲಿಲ್ಲ. ಎಡಗೈ ಆಡುತ್ತಿತ್ತು. ಬಲಗೈ ಮುಷ್ಟಿಯಾಗಿ ಗಾಳಿಯಲ್ಲಿ ಅತ್ತಿತ್ತ ಹೋಗುತ್ತಿತ್ತು. ನೀವು ಯಾಕೆ ಹೇಳುತ್ತಿಲ್ಲ ಎಂದು ನ್ಯಾಯಾಧೀಶರು ಗಿರಿಜಾಳನ್ನು ಕೇಳಿದರು. ಬೆರಳು ಬಿಡಿಸಿಕೊಳ್ಳುತ್ತಿಲ್ಲ, ಅರ್ಧ ಮಾತೂ ತನಗೆ ಕಾಣುತ್ತಿಲ್ಲ, ಕಾಣದ್ದನ್ನು ಊಹಿಸಿ ಹೇಳಿದರೆ ಅದು ಅತ್ತಿಗೆಯ ಮಾತಾಗುವುದಿಲ್ಲ ಎಂದಳು ಗಿರಿಜಾ.

ಆಗ ಗೌತಮಿ ಎದ್ದು ನಿಂತು ತಾನು ಯಾರೆಂದು ಹೇಳಿ, ಸಾಕ್ಷಿಯಾಗಿ ಒಂದು ಸಾಧನ ತೋರಿಸಲು ಅನುಮತಿ ಕೇಳಿದಳು. ಶ್ರೀವತ್ಸ ವಕೀಲರ ಕಿವಿಯಲ್ಲಿ ಏನೋ ಹೇಳಿದ, ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು ನೋಡಿಯೇ ತೀರ್ಮಾನಿಸುತ್ತೇನೆ ಎಂದರು. ಗೌತಮಿ ವನಮಾಲಾಳ ಎರಡೂ ಮುಂಗೈಗೆ ಪಟ್ಟಿ ಕಟ್ಟಿ, ಗೋಡೆಯ ಪರದೆಗೆ ಸಂಪರ್ಕ ಕೊಟ್ಟಳು.

ವನಮಾಲಾ ಮತ್ತೆ ಶುರುಮಾಡಿದಳು. ಬಲಗೈ ಮುಷ್ಟಿಯಾಗಿಯೇ ಇತ್ತು. ಪರದೆಯ ಮೇಲೆ ಒಂದೊಂದೇ ಮಾತು ಮೂಡತೊಡಗಿತು.

‘ನನ್ನ ಹೆಸರು ವನಮಾಲಾ. ಊರು ಭದ್ರಾವತಿ. ನನಗೆ ಮಾತು ಬರುತ್ತದೆ. ನೀವು ಈಗ ಓದುತ್ತಿರುವುದು ನನ್ನ ಮಾತು. ಈಗ ನನ್ನ ಕೈ ನೋಡಿ.’

ಎಲ್ಲರೂ ಕೈ ನೋಡಿದರು. ಅದು ಚೊಂಬು ಹಿಡಿದ ಹಾಗೆ ಮಡಿಚಿಕೊಂಡಿತ್ತು. ಪರದೆ ನಿಲ್ಲಲಿಲ್ಲ.

‘ಮೋಟಾರು ಸರಿ ಇದೆ. ಸ್ನಾಯು ಸರಿ ಇದೆ. ನಾನು ಹೇಳುತ್ತಿದ್ದೇನೆ, ಕೈ ಕೇಳಿಸಿಕೊಳ್ಳುತ್ತಲೂ ಇದೆ. ನಡುವೆ ಒಬ್ಬರು ನಿಂತು ತಡೆಯುತ್ತಿದ್ದಾರೆ. ಅವರು ಬೆರಳೂರು ಕಟ್ಟಿದರು, ಚೆನ್ನಾಗಿದೆ, ಮಾರಲಿ. ಬಯಲನ್ನು ಅವರು ಕಟ್ಟಲಿಲ್ಲ. ಅಲ್ಲಿ ಇದ್ದದ್ದು ನಾವು ಮಾಡಿದ್ದು.’

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ವಕೀಲರ ಕಡೆ ನೋಡಿದರು. “ಸೇವೆ ನಿಂತಿದೆ ಅಂದ್ರಿ,” ಎಂದರು. “ಈಗ ಇವರು ಮಾತಾಡ್ತಿರೋದು ಕಾಣ್ತಿದೆ. ಹಾಗಾದ್ರೆ ನಿಂತಿರೋದು ಏನು?”

ವಕೀಲರು ಕಾಗದಗಳನ್ನು ತಿರುವಿದರು. ಬಳಕೆದಾರರ ಒಪ್ಪಂದವನ್ನು ಇನ್ನೊಮ್ಮೆ ಓದಿದರು.

ತೀರ್ಪು ಬರುವ ಹೊತ್ತಿಗೆ ಬೇಸಿಗೆ ಹತ್ತಿತ್ತು. ಕಂಪನಿ ತಾನು ಮಾಡಿದ ಕೇರಿಗಳನ್ನು ಮಾರಬಹುದು. ಆದರೆ ಬಳಸುವವರು ತಮ್ಮ ಸ್ನಾಯುವಿನಿಂದ ತಾವೇ ಕಲಿತ ಚಲನೆಗೆ ಬೀಗ ಹಾಕುವಂತಿಲ್ಲ, ಅದನ್ನು ಅವರಿಗೇ ಮಾರುವಂತಿಲ್ಲ. ಬಯಲು ಮೊದಲಿನಂತೆ ಎಲ್ಲರಿಗೂ ತೆರೆದಿರಬೇಕು. ಗೋಡೆ ಹೋಯಿತು, ವನಮಾಲಾಳ ಬೆರಳುಗಳು ಮತ್ತೆ ಬಿಡಿಸಿಕೊಂಡವು. ಶ್ರೀವತ್ಸ ಮುದ್ರಾ ಕೇರಿಯನ್ನು ಪೂರ್ತಿ ಕಿತ್ತುಹಾಕಿದ. ಮಾರಲಾಗದ ಮೇಲೆ ಇಟ್ಟುಕೊಂಡು ಏನು ಮಾಡುವುದು ಎಂದು ಅವನ ಲೆಕ್ಕ. ಅದನ್ನು ಕೊಂಡು ಸನ್ನೆ ಕಲಿಯುತ್ತಿದ್ದ ಕೆಲವರಿಗೆ ಇದರಿಂದ ನಷ್ಟವಾಯಿತು, ಅವರು ವನಮಾಲಾಳನ್ನೇ ಬೈದು ಬರೆದರು. ಗೌತಮಿಯನ್ನು ತೀರ್ಪಿಗೆ ಮೊದಲೇ ಕೆಲಸದಿಂದ ತೆಗೆದಿದ್ದರು. ಅವಳು ಧಾರವಾಡದಲ್ಲಿ ಬೇರೆ ಕೆಲಸ ಹಿಡಿದಳು. ಬಿಡುವಿನ ದಿನ ಮಾತ್ರ ಭದ್ರಾವತಿಗೆ ಬಂದು ಗಿರಿಜಾಳಿಂದ ಸನ್ನೆ ಕಲಿಯುತ್ತಿದ್ದಳು. ಅವಳ ಬೆರಳು ಬಹಳ ಮೊದ್ದು ಎಂದು ವನಮಾಲಾ ತಮಾಷೆ ಮಾಡುತ್ತಿದ್ದಳು.

ಬೈದು ಬರೆದವರಿಗೆಲ್ಲ ವನಮಾಲಾ ಒಂದೇ ಉತ್ತರ ಕಳಿಸಿದಳು: ಮಧ್ಯಾಹ್ನ ಬಯಲಿಗೆ ಬನ್ನಿ, ನಾನಿರುತ್ತೇನೆ. ಕೆಲವರು ಬಂದರು. ತೀರ್ಪಿನ ಮೇಲೆ ಬಂದ ಆವೃತ್ತಿಯಲ್ಲಿ ಬಯಲಿಗೆ ಬಂದವರ ಕೈಗಳು ಒಬ್ಬರದು ಇನ್ನೊಬ್ಬರಿಗೆ ಕಾಣುತ್ತಿದ್ದವು, ಪರದೆಯ ಮೇಲೆ ಬರೆದು ಮಾತಾಡಲೂ ಬರುತ್ತಿತ್ತು. ಪರದೆಯ ಮೇಲೆ ಒಂದು ಕೈ ಇದ್ದ ಕಡೆ ಮೂರಾದವು, ಆರಾದವು. ಕಲಿಸಲು ಅಲ್ಲಿ ಮಾದರಿಯ ಕೈ ಇರಲಿಲ್ಲ, ಅಂಕವೂ ಇರಲಿಲ್ಲ. ಒಬ್ಬರು ಮಾಡಿದ್ದನ್ನು ನೋಡಿ ಇನ್ನೊಬ್ಬರು ಮಾಡಬೇಕು.

ಒಂದು ದಿನ ಕುಷ್ಟಗಿಯಿಂದ ಒಬ್ಬ ಹೆಂಗಸು ಬಯಲಿಗೆ ಬಂದಳು. ಹೆಸರು ಹುಲಿಗೆಮ್ಮ, ಕಿವಿ ಚೆನ್ನಾಗಿ ಕೇಳುತ್ತದೆ, ಸನ್ನೆ ಗೊತ್ತಿಲ್ಲ. ಬಸ್ ನಿಲ್ದಾಣದ ಬಳಿ ಹೂ ಕಟ್ಟಿ ಮಾರುತ್ತಿದ್ದವಳು, ಅಪಘಾತದಲ್ಲಿ ಕೈ ಹೋಗಿತ್ತು. ಮಾಲೆ ಕಟ್ಟುವ ಗಂಟು ಹಾಕಬೇಕು, ಅದಕ್ಕೆ ಯಾವ ಕೇರಿಯೂ ಇಲ್ಲ, ನನ್ನ ಬೆರಳೇ ಹೋಗಿದೆ, ಏನು ಮಾಡಲಿ ಅಕ್ಕಾ ಎಂದು ಪರದೆಯ ಮೇಲೆ ಬರೆದಳು.

ವನಮಾಲಾಗೆ ಹೂ ಕಟ್ಟುವುದು ಅಷ್ಟಾಗಿ ಬರುತ್ತಿರಲಿಲ್ಲ. ಎದ್ದು ಬೀದಿಯ ತುದಿಗೆ ಹೋಗಿ ಒಂದು ಮೊಳ ಸೇವಂತಿಗೆ ತಂದಳು. ಒಂದೊಂದೇ ಗಂಟು ಬಿಚ್ಚಿ, ದಾರ ಯಾವ ಬೆರಳಿನಿಂದ ಯಾವುದಕ್ಕೆ ಹೋಗುತ್ತದೆ ಎಂದು ನೋಡಿಕೊಂಡು ಮತ್ತೆ ಟಿವಿಯ ಮುಂದೆ ಕೂತಳು.

“ಬೆರಳು ಹೋಗಿದೆ ಅಂದುಕೋಬೇಡಿ,” ಎಂದು ಬರೆದಳು. “ಇದೆ ಅಂದುಕೊಂಡು ಮಡಚಿ. ಮೊದಲು ಹೆಬ್ಬೆರಳು.”

ಕುಷ್ಟಗಿಯ ಕೈ ಮುಷ್ಟಿ ಬಿಗಿಯಿತು. ಬಿಟ್ಟಿತು. ಮತ್ತೆ ಬಿಗಿಯಿತು. ಹೆಬ್ಬೆರಳು ಉಳಿದವುಗಳಿಂದ ಎಳ್ಳಿನಷ್ಟು ದೂರ ಸರಿದು, ನಡುಗಿ, ಮತ್ತೆ ಒಳಗೆ ಸೇರಿಕೊಂಡಿತು.

“ಇನ್ನೊಮ್ಮೆ,” ಎಂದು ಬರೆದಳು ವನಮಾಲಾ.